ಪೆನ್ಸಿಲಿನಲ್ಲಿರುವಾಗಲೇ ತೋರಿಸಿ

(ಮಲೆನಾಡಿನ ಮತ್ತು ಬಯಲುಸೀಮೆಯ ವಿದ್ಯಾರ್ಥಿಗಳು ಕೂಡಿ ತಯಾರಿಸುತ್ತಿರುವ ಅನಿಮೇಶನ್ ಚಿತ್ರದ ಕಚ್ಚಾ ರೂಪವನ್ನು ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ತೋರಿಸಿದ ಮರುದಿನ ಬೆಳಿಗ್ಗೆ ನೀಡಿದ ಉಪನ್ಯಾಸದ ಬರಹರೂಪ.)

ಕುಬಿಹಾಳದ ಹಿರಿಯರೇ, ತಾಯಂದಿರೇ, ಘಟ್ಟದ ಕಡೆಯಿಂದ ಬಂದಿರುವ ಬಂಧುಗಳೇ, ಮತ್ತು ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಮಾಡದ ವಿದ್ಯಾರ್ಥಿ ಮಿತ್ರರೇ,

ನಿದ್ದೆ ಬಂದಿಲ್ಲವೆಂಬುದು ನಿಮ್ಮ ಮುಖಗಳಲ್ಲಿಯೇ ಕಾಣುತ್ತಿದೆ. ನಿನ್ನೆ ಗುಡಿಯ ಮುಂದಿನ ಬಯಲಿನಲ್ಲಿ ಬಿಳಿಯ ಬಟ್ಟೆ ಕಟ್ಟಿ, ಮೂರು ತಿಂಗಳಿಂದ ನೀವು ಬರೆಯುತ್ತಿರುವ ಚಿತ್ರವನ್ನು ಇನ್ನೂ ಪೆನ್ಸಿಲ್ ಗೆರೆಗಳಾಗಿರುವಾಗಲೇ ಊರ ಮುಂದೆ ಇಟ್ಟಿರಿ. ಜನ ನಗಬಾರದಲ್ಲಿ ನಕ್ಕರು. ಕಣ್ಣೀರು ಬಂದೀತೆಂದು ನೀವು ಬಗೆದಿದ್ದ ಕಡೆ ಹಿರಿಯರೊಬ್ಬರು ಎಲೆ ಅಡಿಕೆಯ ಚೀಲ ಬಿಚ್ಚಿದರು. ಆಮೇಲೆ ನಡೆದ ಮಾತುಕತೆಯಲ್ಲಿ ಹೊಗಳಿಕೆ ಕಡಿಮೆಯಿತ್ತು, ತಕರಾರು ಹೆಚ್ಚಾಗಿತ್ತು. ನಿಮ್ಮಲ್ಲಿ ಇಬ್ಬರಿಗೆ ಅದು ಬಹಳ ನೋವು ತಂದಿದೆಯೆಂದು ನನಗೆ ಗೊತ್ತು. ಆ ಇಬ್ಬರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೆಲಸ ನಡೆಯುತ್ತಿರುವಾಗಲೇ ಗೆಳೆಯರಿಂದ, ನೋಡುಗರಿಂದ ಅಭಿಪ್ರಾಯ ಪಡೆಯುವುದು ಹೇಗೆ ಎಂಬುದರ ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಲಾಗಿದೆ. ಊರಿನ ಹಿರಿಯರಿಗೆ ಇದು ಹುಡುಗರ ಶಾಲೆಯ ವಿಷಯವೆನಿಸಬಹುದು. ಆದರೆ ನೀರಿನ ಬಗ್ಗೆ, ನೆಲದ ಬಗ್ಗೆ ಯಾರೋ ದೂರದಲ್ಲಿ ಕುಳಿತು ಬರೆದ ನಕ್ಷೆಯೊಂದು ಒಂದು ದಿನ ನಮ್ಮ ಮನೆಯ ಮುಂದೆ ಬಂದು ನಿಲ್ಲುವ ಅನುಭವ ಘಟ್ಟದವರಿಗೂ ಇದೆ, ಬಯಲಿನವರಿಗೂ ಇದೆ. ಆದ್ದರಿಂದ ಈ ಮಾತು ಎಲ್ಲರಿಗೂ ಸಂಬಂಧಿಸಿದ್ದು ಎಂದು ತಿಳಿದು ಕೇಳಬೇಕೆಂದು ವಿನಂತಿ.

ಮೊದಲಿಗೆ ಚಿತ್ರದ ಕಥೆಯನ್ನು ನೆನಪಿಸಿಕೊಳ್ಳೋಣ. ಹುಬ್ಬಳ್ಳಿ ಧಾರವಾಡದ ದಿಬ್ಬ ಒಂದು ಜಲವಿಭಜಕ. ಅಲ್ಲಿ ಒಂದೇ ಮೋಡದಿಂದ ಎರಡು ಹನಿಗಳು ಬೀಳುತ್ತವೆ. ಪಡುವಣಕ್ಕೆ ಉರುಳಿದ ಹನಿ ಶಾಲ್ಮಲೆಯನ್ನು ಸೇರಿ, ಕಲಘಟಗಿಯ ಸೀಮೆ ದಾಟಿ, ಬೇಡ್ತಿಯಾಗಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಬಳಿ ಕಡಲು ಸೇರುತ್ತದೆ. ಮೂಡಣಕ್ಕೆ ಉರುಳಿದ ಹನಿ ಈ ಎರೆನೆಲದ ಬೆಣ್ಣಿಹಳ್ಳಕ್ಕೆ ಬಂದು, ಮಲಪ್ರಭೆಯನ್ನು ಕೂಡಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ಇನ್ನೊಂದು ಕಡಲಿಗೆ ಹೋಗುತ್ತದೆ. ಒಡಹುಟ್ಟಿದ ಎರಡು ಹನಿಗಳು ಮತ್ತೆ ಭೇಟಿಯಾಗುವುದು ಮೋಡದಲ್ಲಿಯೇ. ಇಷ್ಟು ಒಳ್ಳೆಯ ಕಥೆ ನಮ್ಮ ಕಾಲ ಕೆಳಗೇ ಇತ್ತು. ಅದನ್ನು ಕಂಡವರು ನೀವು. ಇದನ್ನು ಮೊದಲು ಹೇಳಬೇಕು, ಏಕೆಂದರೆ ನಿನ್ನೆ ಯಾರೂ ಹೇಳಲಿಲ್ಲ.

ಇನ್ನು ಕೆಲಸದ ಲೆಕ್ಕ. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಹಿಡಿದಿಟ್ಟರೆ ಸೆಕೆಂಡಿಗೆ 12 ಚಿತ್ರ ಸಾಕು. ನಿಮ್ಮದು ಮೂರು ನಿಮಿಷದ ಚಿತ್ರ. ಎಂದರೆ 180 ಸೆಕೆಂಡು, 2160 ಚಿತ್ರಗಳು. ಒಬ್ಬ ವಿದ್ಯಾರ್ಥಿ ದಿನಕ್ಕೆ 20 ಚಿತ್ರ ಬರೆದರೆ 108 ದಿನಗಳ ಕೆಲಸ. ಈ ಕೆಲಸಕ್ಕೆ ಮೆಟ್ಟಿಲುಗಳಿವೆ. ಮೊದಲು ಕಥೆಯನ್ನು ಚಿಕ್ಕ ಚಿಕ್ಕ ಚಿತ್ರಗಳಲ್ಲಿ ಹಾಳೆಯ ಮೇಲೆ ಹರಡುವ ಸ್ಟೋರಿಬೋರ್ಡ್. ಆಮೇಲೆ ಆ ಚಿತ್ರಗಳನ್ನೇ ಮಾತು, ಸದ್ದುಗಳೊಡನೆ ಕಾಲಕ್ಕೆ ಹೊಂದಿಸಿ ಓಡಿಸುವ ಅನಿಮ್ಯಾಟಿಕ್. ಆಮೇಲೆ ಚಲನೆಯನ್ನು ಬರಿಯ ಗೆರೆಗಳಲ್ಲಿ ಪರೀಕ್ಷಿಸುವ ಪೆನ್ಸಿಲ್ ಟೆಸ್ಟ್. ಎಲ್ಲಕ್ಕೂ ಕೊನೆಗೆ ಬಣ್ಣ. ಸ್ಟೋರಿಬೋರ್ಡಿನಲ್ಲಿ ತಪ್ಪು ಸಿಕ್ಕರೆ ಒಂದು ಹಾಳೆ ಹರಿದರಾಯಿತು. ಅದೇ ತಪ್ಪು ಬಣ್ಣ ತುಂಬಿದ ಮೇಲೆ ಸಿಕ್ಕರೆ ಒಂದು ತಿಂಗಳ ಬದುಕು ಹರಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಬಹಳ ವರ್ಷಗಳ ಹಿಂದೆ, ನಗರದ ಸಂಸ್ಥೆಯೊಂದರಲ್ಲಿ ಓದುತ್ತಿದ್ದಾಗ, ನಮ್ಮೂರಿನ ಕೊನೆಕೊಯ್ಲಿನ ಮೇಲೆ ಒಂದು ಚಿತ್ರ ಮಾಡಿದೆ. ಅಡಿಕೆ ಮರ ಹತ್ತುವ 40 ಸೆಕೆಂಡುಗಳ ದೃಶ್ಯಕ್ಕೆ 480 ಚಿತ್ರ ಬರೆದೆ. ಮುಗಿಯುವವರೆಗೂ ಯಾರಿಗೂ ತೋರಿಸಲಿಲ್ಲ. ಅರ್ಧ ಬೆಂದ ಅನ್ನವನ್ನು ಬಡಿಸುತ್ತಾರೆಯೇ ಎಂಬುದು ನನ್ನ ವಾದವಾಗಿತ್ತು. ಒಳಗಿನ ನಿಜ ಬೇರೆ: ಯಾರಾದರೂ ಏನಾದರೂ ಅಂದಾರೆಂಬ ಹೆದರಿಕೆ. ಎಲ್ಲ ಮುಗಿದ ಮೇಲೆ ಊರಿಗೆ ತಂದು, ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರನನ್ನೇ ಕರೆದು ಕೂರಿಸಿ ತೋರಿಸಿದೆ. ಆತ ಕೊನೆಯವರೆಗೂ ನೋಡಿ, ಈ ನಿಮ್ಮ ಮನುಷ್ಯ ಮರ ಹತ್ತುತ್ತಿಲ್ಲ, ಮರವನ್ನು ತಬ್ಬಿಕೊಂಡು ಅಳುತ್ತಿದ್ದಾನೆ ಎಂದ. ಪಾದಗಳಿಗೆ ಸಿಕ್ಕಿಸಿಕೊಳ್ಳುವ ಹಗ್ಗದ ತಳೆಯನ್ನು ನಾನು ಬರೆದೇ ಇರಲಿಲ್ಲ. ಮೈಯ ಭಾರವೆಲ್ಲ ಆ ತಳೆಯ ಮೇಲೆ ನಿಲ್ಲುತ್ತದೆ. ಕೈ ಬರಿಯ ಆಧಾರಕ್ಕೆ. ಒಂದು ಮರದ ಕೊನೆ ಇಳಿಸಿದ ಮೇಲೆ ಕೊನೆಗಾರ ನೆಲಕ್ಕಿಳಿಯದೆ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಇದನ್ನೆಲ್ಲ ಚಿಕ್ಕಂದಿನಿಂದ ಕಂಡಿದ್ದೆ, ನೋಡಿರಲಿಲ್ಲ. 480 ಚಿತ್ರಗಳನ್ನು ಮತ್ತೆ ಬರೆಯಲು ಆಗ ಕಾಲವೂ ಇರಲಿಲ್ಲ, ಬಲವೂ ಇರಲಿಲ್ಲ. ಆ ಚಿತ್ರ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಮೊದಲ ವಾರದಲ್ಲಿ ಬರೆದ ಐದು ಚಿತ್ರಗಳನ್ನು ಆತನಿಗೆ ತೋರಿಸಿದ್ದರೆ ಸಾಕಾಗಿತ್ತು.

ಅರೆಬರೆಯಾದುದನ್ನು ಹತ್ತು ಜನರ ಮುಂದಿಟ್ಟು ತಿದ್ದಿಕೊಳ್ಳುವುದು ಹೊರಗಿನಿಂದ ಬಂದ ಪದ್ಧತಿಯೆಂದು ಭಾವಿಸಬೇಡಿ. ಈ ಸೀಮೆಯ ಊರುಗಳಲ್ಲಿ ದೊಡ್ಡಾಟ, ಸಣ್ಣಾಟ, ನಾಟಕಗಳಿಗೆ ತಾಲೀಮು ನಡೆಯುವ ರೀತಿಯನ್ನು ಹಿರಿಯರು ಬಲ್ಲರು. ಹೊಲದ ಕೆಲಸ ಮುಗಿಸಿ, ಉಂಡು, ರಾತ್ರಿ ಪೇಟಿ ಮಾಸ್ತರರ ಸುತ್ತ ಸೇರುತ್ತಾರೆ. ಪಾತ್ರಧಾರಿಗಳು ಎಂಟು ಮಂದಿಯಾದರೆ ನೋಡಲು ಬಂದವರು ಮೂವತ್ತು ಮಂದಿ. ದನಿ ಏರಿದ್ದು ಹೆಚ್ಚಾಯಿತು, ಹೆಜ್ಜೆ ಇಳಿದದ್ದು ಕಡಿಮೆಯಾಯಿತು ಎಂದು ಕುಳಿತಲ್ಲಿಂದಲೇ ಹೇಳುತ್ತಾರೆ. ಆಟದ ರಾತ್ರಿ ಅದೇ ಜನ ಬಾಯಿ ಮುಚ್ಚಿ ನೋಡುತ್ತಾರೆ. ಹೇಳುವ ಕಾಲ ತಾಲೀಮಿನದು, ಮೆಚ್ಚುವ ಕಾಲ ಆಟದ್ದು ಎಂಬ ತಿಳಿವಳಿಕೆ ಅವರಿಗಿದೆ.

ನಿಮ್ಮ ತಾಲೂಕಿನ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಇದ್ದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಕಲಿತವರು ಗಂಗೂಬಾಯಿ ಹಾನಗಲ್. ಅವರ ಮನೆಯಲ್ಲಿಯೇ ಉಳಿದು ಕಲಿತವರು ಭೀಮಸೇನ ಜೋಶಿ. ಕಛೇರಿಯಲ್ಲಿ ನಾವು ಕೇಳಿದ್ದು ಅವರ ಪಕ್ವವಾದ ಗಾಯನವನ್ನು. ಆ ಪಕ್ವತೆಯ ಹಿಂದೆ, ಒಂದೇ ಸ್ವರಸಮೂಹವನ್ನು ಗುರುವಿನ ಮುಂದೆ ತಪ್ಪಾಗಿ ಹಾಡಿ ತಿದ್ದಿಸಿಕೊಂಡ ವರ್ಷಗಳಿವೆ. ತಪ್ಪನ್ನು ಕೇಳಿಸುವ ಧೈರ್ಯವಿಲ್ಲದವನಿಗೆ ಆ ವಿದ್ಯೆ ದೊರೆಯುವುದಿಲ್ಲ.

ಧಾರವಾಡದಲ್ಲಿ 1922ರ ಸುಮಾರಿಗೆ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳುವ, ಕೇಳುವ ಬಳಗ ಅದು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವೂ ಅಂಥದೇ ಜಾಗ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಎದುರಿಗೆ ಕುಳಿತಿರುವಾಗ ಬರೆಯುವವನ ಕೈ ತಾನಾಗಿ ಎಚ್ಚರಗೊಳ್ಳುತ್ತದೆ.

ನಿಮ್ಮ ಕಲೆಯ ಹತ್ತಿರದ ನೆಂಟಸ್ತಿಕೆ ತೊಗಲುಗೊಂಬೆಯಾಟಕ್ಕೆ ಸೇರಿದ್ದು. ಕೀಲು ಕೂಡಿಸಿದ ಚರ್ಮದ ಚಿತ್ರವನ್ನು ದೀಪದ ಮುಂದೆ ಕುಣಿಸಿ ಜೀವ ತುಂಬುವ ವಿದ್ಯೆ ಅದು. 2025ರಲ್ಲಿ ಪದ್ಮಶ್ರೀ ಗೌರವ ಪಡೆದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಬದುಕಿಡೀ ಅದನ್ನು ಮಾಡಿದವರು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ 1926ರಲ್ಲಿ ಕತ್ತರಿಸಿದ ಕಾಗದದ ನೆರಳುಗೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ಪೂರ್ಣಾವಧಿಯ ಚಿತ್ರ ಮಾಡಿದಾಗ ಬಳಸಿದ್ದು ಇದೇ ಕೀಲಿನ ಉಪಾಯವನ್ನು. ಗೊಂಬೆಯಾಟದವರು ಮಾತ್ರ ನೋಡುಗರನ್ನು ಎದುರಿಗೇ ಇಟ್ಟುಕೊಂಡು ಆಡುತ್ತಾರೆ. ನಗು ಬಾರದಿದ್ದರೆ ಮುಂದಿನ ಮಾತನ್ನು ಅಲ್ಲಿಯೇ ಬದಲಿಸಬಲ್ಲರು. ಕೋಣೆಯಲ್ಲಿ ಕುಳಿತು ಬರೆಯುವ ನಮಗೆ ಆ ಭಾಗ್ಯವಿಲ್ಲ. ಆದ್ದರಿಂದ ನೋಡುಗರನ್ನು ನಾವೇ ನಡುನಡುವೆ ಕರೆಯಬೇಕಾಗುತ್ತದೆ.

ಹೊರಗಿನವರು ಮಾಡಿದ್ದನ್ನೂ ತಿಳಿಯೋಣ. 1930ರ ದಶಕದಲ್ಲಿ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ಗಾಳಿಯಾಡದ ಒಂದು ಚಿಕ್ಕ ಕೋಣೆಯಿತ್ತು. ಕಲಾವಿದರ ಪೆನ್ಸಿಲ್ ಟೆಸ್ಟುಗಳನ್ನು ಅಲ್ಲಿ ಓಡಿಸಿ ನೋಡುತ್ತಿದ್ದರು. ಅದಕ್ಕೆ ಬೆವರಿನ ಪೆಟ್ಟಿಗೆ ಎಂಬ ಅರ್ಥದ ಹೆಸರು ಬಿದ್ದಿತ್ತು. ಸೆಕೆಗೂ ಬೆವರುತ್ತಿದ್ದರು, ಮಾತಿಗೂ ಬೆವರುತ್ತಿದ್ದರು. ನಮ್ಮ ದೇಶದಲ್ಲಿ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಸೇರಿ ಕೆಲಸ ಕಲಿತ ರಾಮ್ ಮೋಹನ್ ಅವರು ಮುಂದೆ, 1990ರ ದಶಕದಲ್ಲಿ, ಯುನಿಸೆಫ್ ಸಂಸ್ಥೆಗಾಗಿ 'ಮೀನಾ' ಎಂಬ ಹುಡುಗಿಯ ಕಥೆಗಳಿಗೆ ರೂಪ ಕೊಟ್ಟರು. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನ ನಾಲ್ಕೂ ಕಡೆಯ ಮಕ್ಕಳು ಆಕೆಯನ್ನು ನಮ್ಮವಳೆನ್ನಬೇಕಿತ್ತು. ಅದಕ್ಕಾಗಿ ಹುಡುಗಿಯ ಮುಖ, ಉಡುಪು, ಮನೆ ಇನ್ನೂ ಬರಿಯ ಚಿತ್ರಗಳಾಗಿದ್ದಾಗಲೇ ಹಳ್ಳಿಗಳಿಗೆ ಕೊಂಡೊಯ್ದು ಮಕ್ಕಳನ್ನೂ ತಾಯಿ ತಂದೆಯರನ್ನೂ ಕೇಳಿದರು. ಯಾವ ಒಂದು ದೇಶಕ್ಕೂ ಅಂಟಿಕೊಳ್ಳದ ಆಕೆಯ ಉದ್ದ ಲಂಗದ ಉಡುಪು ಅಂಥ ವಿಚಾರಣೆಯ ಫಲ. ಕೇಳಿ ಮಾಡಿದ್ದರಿಂದಲೇ ಆ ಹುಡುಗಿ ಅಷ್ಟು ದೂರ ನಡೆದಳು.

ಈಗ ನಿನ್ನೆಯ ರಾತ್ರಿಗೆ ಬರೋಣ. ಅಲ್ಲಿ ಬಂದ ಮಾತುಗಳನ್ನು ನಾನು ಬರೆದುಕೊಂಡಿದ್ದೇನೆ. ಅವು ಮೂರು ಬಗೆಯವು.

ಮೊದಲನೆಯವು ಸುಲಭದವು. ಘಟ್ಟದ ಹುಡುಗರು ಬರೆದ ಎರೆನೆಲದಲ್ಲಿ ಜೂನ್ ತಿಂಗಳಿಗೆಲ್ಲ ಭತ್ತದ ಗದ್ದೆಗಳಿದ್ದವು. ಊರಿನವರು ನಕ್ಕು, ಆಗ ಇಲ್ಲಿ ಹೆಸರು, ಮೆಣಸಿನಕಾಯಿ, ಹತ್ತಿ. ಹಿಂಗಾರಿಗೆ ಜೋಳ, ಕಡಲೆ, ಕುಸುಬಿ ಎಂದು ಹೇಳಿಕೊಟ್ಟರು. ಬಯಲಿನ ಹುಡುಗಿಯರು ಬರೆದ ಮಲೆನಾಡಿನಲ್ಲಿ ಮರಗಳೆಲ್ಲ ಮುಕ್ಕೋನಾಕಾರದ ಕ್ರಿಸ್‌ಮಸ್ ಮರಗಳಾಗಿದ್ದವು. ಯಲ್ಲಾಪುರದ ಕಡೆಯ ಹುಡುಗನೊಬ್ಬ ಎದ್ದು, ನಮ್ಮಲ್ಲಿ ಮಳೆಗಾಲದಲ್ಲಿ ಮರದ ತುದಿ ಕಾಣುವುದಿಲ್ಲ, ಮಂಜು ಕಾಣುತ್ತದೆ. ಕಾಲಿಗೆ ಉಂಬಳ ಹತ್ತದ ಮನುಷ್ಯನೂ ಇರುವುದಿಲ್ಲ ಎಂದ. ಎಲ್ಲ ನೀರೂ ನೀಲಿಯಾಗಿತ್ತು; ಮುಂಗಾರಿನ ಹಳ್ಳಕ್ಕೆ ಮಣ್ಣಿನ ಬಣ್ಣ. ಇವು ತಿಳಿವಳಿಕೆಯ ತಪ್ಪುಗಳು. ನೂರು ಕಿಲೋಮೀಟರಿನ ಒಳಗೆ ಬದುಕುವ ನಾವು ಒಬ್ಬರನ್ನೊಬ್ಬರು ಎಷ್ಟು ಅರಿತಿಲ್ಲ ಎಂಬುದನ್ನು ಅವು ತೋರಿಸಿದವು. ತಿದ್ದಲು ಒಂದು ದಿನ ಸಾಕು.

ಎರಡನೆಯ ಬಗೆಯದು ಪ್ರವಾಹದ ದೃಶ್ಯ. ಅದನ್ನು ಬರೆದ ವಿದ್ಯಾರ್ಥಿನಿ ಇಲ್ಲಿಯೇ ಕುಳಿತಿದ್ದಾಳೆ. 12 ಸೆಕೆಂಡು, 144 ಚಿತ್ರ. ನಿನ್ನೆ ತೋರಿಸಿದ ಎಲ್ಲ ಭಾಗಗಳಲ್ಲಿ ಅತ್ಯಂತ ಚೆಲುವಾದದ್ದು ಅದೇ. ಹಗಲಿನಲ್ಲಿ, ಸುರಿಯುವ ಮಳೆಯಲ್ಲಿ, ಅಲೆಯ ಮೇಲೆ ಅಲೆಯಾಗಿ ಬೆಣ್ಣಿಹಳ್ಳ ಏರಿ ಬರುತ್ತದೆ. ಚಿತ್ರ ನಿಂತ ಮೇಲೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಹೇಳಿದರು: "ಚೆಂದ ಐತವ್ವಾ. ಆದರ ಹಳ್ಳಾ ಹಿಂಗ ಬರೂದಿಲ್ಲ. ಇಲ್ಲಿ ಮಳೀನ ಇರೂದಿಲ್ಲ, ಮ್ಯಾಲೆ ಎಲ್ಲೋ ಆಗಿರತೈತಿ. ರಾತ್ರಿ ಮಲಗಿದಾಗ ಬರತೈತಿ. ಕಾಣೂದಿಲ್ಲ, ಕೇಳತೈತಿ."

ಆ ಮಾತಿಗೆ ಅಂಗಳವೆಲ್ಲ ಸುಮ್ಮನಾಯಿತು. ಹುಡುಗಿಯ ಮುಖ ಸಣ್ಣದಾಯಿತು. 144 ಚಿತ್ರ ಬರೆದ ಕೈಗೆ ಅದು ಸಣ್ಣ ಪೆಟ್ಟಲ್ಲ. ಆದರೆ ಆ ಅಜ್ಜಿ ಕೊಟ್ಟದ್ದು ಏನೆಂಬುದನ್ನು ನೋಡು, ಮಗಳೇ. ತೆರೆಯ ಮೇಲೆ ಕತ್ತಲು. ಮಲಗಿದ ಮನೆ. ದೂರದಿಂದ ಒಂದು ಸದ್ದು. ಒಂದು ಕಂದೀಲು ಹೊತ್ತಿಕೊಳ್ಳುತ್ತದೆ. ಹೊಸ್ತಿಲಿನ ಮೇಲೆ ನೀರಿನ ಮೊದಲ ಗೆರೆ ಮಿನುಗುತ್ತದೆ. ಇದಕ್ಕೆ 144 ಚಿತ್ರ ಬೇಡ, 30 ಸಾಕಾದಾವು. ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅವರು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದ 'ಫ್ಲೋ' ಎಂಬ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಪ್ರವಾಹದಲ್ಲಿ ಸಿಕ್ಕ ಬೆಕ್ಕಿನ ಕಥೆ. ಅದರಲ್ಲಿ ಮನುಷ್ಯರ ಒಂದು ಮಾತೂ ಇಲ್ಲ. ನೀರಿನ ಭಯವನ್ನು ಹೇಳಲು ಸದ್ದು ಸಾಕೆಂಬುದನ್ನು ಅಜ್ಜಿ ತಾನಾಗಿಯೇ ಬಲ್ಲಳು, ಏಕೆಂದರೆ ಅದು ಆಕೆಯ ಹೊಸ್ತಿಲಿಗೆ ಬಂದ ನೀರು. ಹಾಗೆಂದು ಈಗಲೇ ಎಲ್ಲವನ್ನೂ ಹರಿಯಬೇಕೆಂದು ನಾನು ಹೇಳುವುದಿಲ್ಲ. ಆ ಅಲೆಗಳು ಮಾಗೋಡಿನ ದೃಶ್ಯಕ್ಕೆ ಒದಗಬಹುದು, ಒದಗದಿರಬಹುದು. ಮಾತು ಊರಿನದು, ತೀರ್ಮಾನ ನಿನ್ನದು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು, ಮತ್ತು ಅದು ನಮ್ಮ ಕಡೆಯವರಿಗೆ ಸೇರಿದ್ದು. ಬೇಡ್ತಿ ವರದಾ ನದಿಜೋಡಣೆಯ ಪ್ರಸ್ತಾವವನ್ನು ಘಟ್ಟದ ಜನ ವಿರೋಧಿಸುತ್ತ ಬಂದಿದ್ದಾರೆ. ನಾನೂ ಅವರಲ್ಲೊಬ್ಬ; ಈ ಊರಿನಲ್ಲಿ ನಿಂತು ಅದನ್ನು ಮುಚ್ಚಿಡುವುದಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬ ಚಿತ್ರದಲ್ಲಿ ಆ ಕೊಳವೆಯನ್ನು ಹಾವಾಗಿ ಬರೆದಿದ್ದಾನೆ. ಹೆಡೆ ಕಾಡಿನಲ್ಲಿ ಬೇಡ್ತಿಯನ್ನು ಕುಡಿಯುತ್ತಿದೆ. ಬಾಲ ಬಯಲಿನ ಒಂದು ಊರಿನಲ್ಲಿ ಸುತ್ತಿಕೊಂಡಿದೆ. ಅದನ್ನು ಕಂಡು ನಮ್ಮವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ, ಅದೇ ಚಿತ್ರತಂಡದ ಇಲ್ಲಿಯ ಹುಡುಗ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದವನು, ಎದ್ದು ನಿಂತು ಹೇಳಿದ: "ನಮ್ಮವ್ವ ಕೊಡಾ ಇಟಗೊಂಡು ಕುಂದರೂ ಜಾಗಾದಾಗ ನೀವು ಹಾವಿನ ಬಾಲ ಬರದೀರಿ."

ಈ ಸೀಮೆಯ ಅನೇಕ ಊರುಗಳಲ್ಲಿ ನೆಲದಡಿಯ ನೀರು ಸವಳು. ಕುಡಿಯುವುದಕ್ಕೆ ಮಳೆಯ ನೀರು ನಿಂತ ಕೆರೆಯೇ ಗತಿ. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಕಾಯುವುದು ಎಂದರೇನೆಂದು ಅಡಿಕೆ ತೋಟದ ಕಾಲುವೆಯ ದಡದಲ್ಲಿ ಬೆಳೆದ ನಮಗೆ ಗೊತ್ತಿಲ್ಲ. ಬೇಡ್ತಿ ನಮ್ಮದೆಂದು ನಾವು ಹೇಳುತ್ತೇವೆ. ಆದರೆ ನಿಮ್ಮದೇ ಚಿತ್ರದ ಪ್ರಕಾರ ಅದರ ಮೊದಲ ಹನಿ ಬೀಳುವುದು ಧಾರವಾಡದ ಅಂಚಿನಲ್ಲಿ. ಆ ಹುಡುಗ ಯೋಜನೆಯ ಪರವಾಗಿ ಮಾತನಾಡಲಿಲ್ಲ. ತನ್ನ ತಾಯಿ ಚಿತ್ರದಲ್ಲಿಲ್ಲ ಎಂದಷ್ಟೇ ಹೇಳಿದ. ಹಾವನ್ನು ಅಳಿಸಿದರೆ ನನ್ನ ಚಿತ್ರದ ಮಾತೇ ಹೋಗುತ್ತದೆ ಎಂದು ನಮ್ಮ ವಿದ್ಯಾರ್ಥಿ ರಾತ್ರಿ ನನ್ನಲ್ಲಿ ವಾದಿಸಿದ. ಅದರಲ್ಲಿಯೂ ನಿಜವಿದೆ. ನಾನು ಅವನಿಗೆ ಹೇಳಿದ್ದಿಷ್ಟು: ನಿನ್ನ ವಿರೋಧವನ್ನು ಅಳಿಸಬೇಡ. ಕೊಡ ಹಿಡಿದ ಆ ತಾಯಿಯನ್ನು ಬರೆ. ಆಕೆಯನ್ನು ಬರೆದ ಮೇಲೂ ಆ ಕೊಳವೆ ನಿನಗೆ ಹಾವಾಗಿಯೇ ಕಂಡರೆ ಹಾಗೆಯೇ ಇರಲಿ. ಆಕೆಯ ಎದುರಿಗೆ ನಿಲ್ಲಬಲ್ಲ ವಾದ ಮಾತ್ರ ವಾದ. ಅವನು ಇನ್ನೂ ಒಪ್ಪಿಲ್ಲ. ಈ ಇಬ್ಬರು ಹುಡುಗರು ಇಂದು ಬೆಳಿಗ್ಗೆ ಒಟ್ಟಿಗೆ ಕೆರೆಯ ಕಡೆಗೆ ಹೋಗಿದ್ದನ್ನು ಮಾತ್ರ ನೋಡಿದೆ.

ಈಗ ಕೆಲವು ಪ್ರಾಯೋಗಿಕ ಮಾತುಗಳು.

ತೋರಿಸುವವರಿಗೆ: ಚಿತ್ರ ಓಡುವ ಮೊದಲು ವಿವರಣೆ ಕೊಡಬೇಡಿ. ಮುಂದೆ ನಿಮ್ಮ ಚಿತ್ರ ಊರೂರು ತಿರುಗುವಾಗ ಅದರ ಜೊತೆಗೆ ನೀವು ಹೋಗಲಾರಿರಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಆ ಪ್ರಶ್ನೆಗೆ ಸಭ್ಯರೆಲ್ಲ ಒಂದೇ ಉತ್ತರ ಕೊಡುತ್ತಾರೆ. ಬದಲಿಗೆ ಮೂರು ಪ್ರಶ್ನೆ ಕೇಳಿ. ಏನು ಕಂಡಿರಿ? ಎಲ್ಲಿ ತಿಳಿಯಲಿಲ್ಲ? ಯಾವುದು ಸುಳ್ಳೆನಿಸಿತು? ಉತ್ತರ ಬಂದಾಗ ಸಮರ್ಥಿಸಿಕೊಳ್ಳದೆ ಬರೆದುಕೊಳ್ಳಿ. ಒಬ್ಬರು ಎಡವಿದರೆ ಅದು ಅವರ ಕಾಲಿನ ದೋಷವಿರಬಹುದು. ಮೂವರು ಒಂದೇ ಕಡೆ ಎಡವಿದರೆ ಅಲ್ಲಿ ಕಲ್ಲಿದೆ. ನೋಡುಗರು ರೋಗವನ್ನು ಸರಿಯಾಗಿ ಹೇಳುತ್ತಾರೆ. ಅವರು ಹೇಳುವ ಮದ್ದು ಯಾವಾಗಲೂ ಸರಿಯಿರಬೇಕೆಂದಿಲ್ಲ. ಮದ್ದು ಹುಡುಕುವುದು ನಿಮ್ಮ ಕೆಲಸ.

ಯಾವ ಮೆಟ್ಟಿಲಿನಲ್ಲಿದ್ದೀರೋ ಆ ಮೆಟ್ಟಿಲಿನ ಪ್ರಶ್ನೆಯನ್ನೇ ಕೇಳಿ. ಸ್ಟೋರಿಬೋರ್ಡ್ ತೋರಿಸುವಾಗ ಕಥೆಯ ಬಗ್ಗೆ, ಅನಿಮ್ಯಾಟಿಕ್ ತೋರಿಸುವಾಗ ವೇಗದ ಬಗ್ಗೆ, ಪೆನ್ಸಿಲ್ ಟೆಸ್ಟಿನಲ್ಲಿ ನಡಿಗೆ, ಭಾರ, ಚಲನೆಯ ಬಗ್ಗೆ. ಎತ್ತು ಎಳೆಯುವಾಗ ಭುಜ ಎಲ್ಲಿ ಬಾಗುತ್ತದೆಂಬುದನ್ನು ಒಕ್ಕಲಿಗನನ್ನು ಕೇಳಿ. ಪ್ರತಿವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುವ ಈ ಊರಿನ ಮಕ್ಕಳನ್ನೂ ಕೇಳಿ. ಅವರ ಬೆರಳಿಗೆ ಗೊತ್ತಿರುವುದು ನಮ್ಮ ಪುಸ್ತಕಗಳಲ್ಲಿಲ್ಲ.

ಸಭೆಯಲ್ಲಿ ಮಾತನಾಡುವವರು ಮಾತ್ರ ನೋಡುಗರೆಂದು ತಿಳಿಯಬೇಡಿ. ನಿನ್ನೆ ಸೆರಗು ಬಾಯಿಗಿಟ್ಟು ನಕ್ಕ ತಾಯಂದಿರು ಅಲ್ಲಿ ಮಾತನಾಡಲಿಲ್ಲ. ಇಂದು ಬೆಳಿಗ್ಗೆ ಕೆರೆಯ ಮೆಟ್ಟಿಲಿನ ಮೇಲೆ ನಮ್ಮ ಹುಡುಗಿಯರಿಗೆ ಎಲ್ಲವನ್ನೂ ಹೇಳಿದರು. ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವ ಹೆಂಗಸನ್ನು ಬರೆದಿದ್ದೀರಲ್ಲ, ಯಾವ ಊರಿನವಳು ಅವಳು ಎಂದು ಕೇಳಿದರಂತೆ. ಮಾತು ಸಿಗುವ ಜಾಗಕ್ಕೆ ನಾವು ಹೋಗಬೇಕು. ಕಳೆ ತೆಗೆಯುವ ಹೊಲಕ್ಕೆ, ಕಟ್ಟೆಗೆ, ಒಲೆಯ ಬಳಿಗೆ.

ಹೇಳುವವರಿಗೂ ಒಂದು ಮಾತು. ಸಹಪಾಠಿಯ ಕೆಲಸ ನೋಡುವಾಗ, ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ ಎಂಬಲ್ಲಿಂದ ಆರಂಭಿಸಬೇಡಿ. ಅವನು ಮಾಡಲು ಹೊರಟದ್ದು ಏನೆಂದು ಮೊದಲು ಕೇಳಿ, ಅದು ತೆರೆಯ ಮೇಲೆ ಬಂದಿದೆಯೇ ಹೇಳಿ. ತಪ್ಪನ್ನು ಹೇಳುವಾಗ ಜಾಗ ತೋರಿಸಿ. ಏನೋ ಸರಿಯಿಲ್ಲ ಎಂಬುದು ಅಭಿಪ್ರಾಯವಲ್ಲ. ಕೊಡ ಎತ್ತುವಾಗ ಸೊಂಟ ಬಾಗಲಿಲ್ಲ ಎಂಬುದು ಅಭಿಪ್ರಾಯ. ಒಳ್ಳೆಯದು ಕಂಡರೆ ಅದನ್ನೂ ಜಾಗ ತೋರಿಸಿಯೇ ಹೇಳಿ. ಇಲ್ಲವಾದರೆ ತಿದ್ದುವ ಭರದಲ್ಲಿ ಗೆಳೆಯ ಅದನ್ನೂ ಅಳಿಸಿಬಿಟ್ಟಾನು. ಎರಡು ಹನಿಗಳು ದಿಬ್ಬದ ಮೇಲೆ ಬೇರೆಯಾಗುವ ಗಳಿಗೆಯಲ್ಲಿ ಒಂದು ಹನಿ ಹಿಂತಿರುಗಿ ನೋಡುತ್ತದಲ್ಲ, ಆ ಎರಡು ಸೆಕೆಂಡುಗಳನ್ನು ಯಾರು ಏನೇ ಅಂದರೂ ಮುಟ್ಟಬೇಡಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ಮಾತು. 1980ರ ಆಸುಪಾಸಿನಲ್ಲಿ ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ ಸೀಮೆಯ ರೈತರು ತಜ್ಞರೊಡನೆ ಕುಳಿತು ಅದರ ಲಾಭ ನಷ್ಟದ ಲೆಕ್ಕವನ್ನು ತಾವೇ ಹಾಕಿ ನೋಡಿದರು. ಯೋಜನೆ ಅಲ್ಲಿಗೇ ನಿಂತಿತು. ಆ ಕಾಲದಲ್ಲಿ ಜನರನ್ನು ಕೇಳಬೇಕೆಂಬ ನಿಯಮವೇ ಇರಲಿಲ್ಲ. ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿದ ಅಧಿಸೂಚನೆ 1994ರದು. ಸಾರ್ವಜನಿಕ ಅಹವಾಲು ಅದಕ್ಕೆ ಸೇರಿದ್ದು 1997ರಲ್ಲಿ. 2006ರಲ್ಲಿ ಹೊಸ ಅಧಿಸೂಚನೆ ಬಂತು. ಆದರೂ ಬಹಳ ಸಲ ನಾವು ಕಾಣುವುದೇನು? ನಕ್ಷೆಗೆ ಬಣ್ಣ ತುಂಬಿದ ಮೇಲೆ ಜನರನ್ನು ಕರೆಯುತ್ತಾರೆ. ಆಗ ಯಾರು ಏನು ಹೇಳಿದರೂ ಅದು ಅಡ್ಡಿಯಾಗಿ ಕಾಣುತ್ತದೆಯೇ ಹೊರತು ಸಲಹೆಯಾಗಿ ಕಾಣುವುದಿಲ್ಲ. ಪೆನ್ಸಿಲಿನಲ್ಲಿರುವಾಗ ತೋರಿಸಿ ಎಂದು ದೊಡ್ಡವರನ್ನು ಕೇಳುವ ಹಕ್ಕು ನಮಗೆ ಬರಬೇಕಾದರೆ, ನಮ್ಮ ಸಣ್ಣ ಕೆಲಸಗಳಲ್ಲಿ ನಾವೂ ಹಾಗೆ ನಡೆದಿರಬೇಕು. ಈ ಮಕ್ಕಳು ನಿನ್ನೆ ನಡೆದದ್ದು ಹಾಗೆ. ಒಂದು ಅಣೆಕಟ್ಟಿನ ನಕ್ಷೆ ತಯಾರಿಸುವವರಿಗೆ ಇಲ್ಲದ ಧೈರ್ಯವನ್ನು ಹದಿನೇಳು ಹದಿನೆಂಟರ ಮಕ್ಕಳು ಗುಡಿಯ ಮುಂದೆ ತೋರಿಸಿದರು.

ಆದ್ದರಿಂದ ಊರಿನವರಲ್ಲಿ ನನ್ನದೊಂದು ಬೇಡಿಕೆ. ಇಂದು ರಾತ್ರಿ ಅದೇ ಬಟ್ಟೆ, ಅದೇ ಜಾಗ. ತಿದ್ದಿದ್ದನ್ನೂ ತಿದ್ದದೆ ಉಳಿಸಿಕೊಂಡದ್ದನ್ನೂ ಮತ್ತೆ ತೋರಿಸುತ್ತಾರೆ. ಉಂಡು ಬನ್ನಿ. ಹಿಂದಿನ ಸಾಲಿನ ಅಜ್ಜಿಯನ್ನು ಈ ಸಲ ಮುಂದಿನ ಸಾಲಿನಲ್ಲಿ ಕೂರಿಸಿ. ನಗು ಬಂದರೆ ನಗಿರಿ, ತಿಳಿಯದಿದ್ದರೆ ಕೇಳಿರಿ. ಮಕ್ಕಳು ಬರೆದುಕೊಳ್ಳುತ್ತಾರೆ.